ಕ್ಯಾಮೆರಾ ಪ್ರಶ್ನೋತ್ತರ: ಬಾಡಿ ಆಮೇಲೆ, ಮೊದಲು ಲೆನ್ಸ್

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮೊದಲ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವುದರ ಕುರಿತಾಗಿಯೇ ಇದ್ದುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಲ್ಲಿ ಅವನ್ನಷ್ಟೇ ಎತ್ತಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಎಂದಿನಂತೆ ಬಿಟ್ಟು, ಊರನ್ನು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಬ್ಯಾಂಕ್ ನೌಕರ. ಶನಿವಾರ, ಭಾನುವಾರ ಯಕ್ಷಗಾನ ಎಲ್ಲಿದ್ದರೂ ಹೋಗುತ್ತೇನೆ; ಚಳಿಗಾಲದಲ್ಲಿ ಐರೋಲಿಯ ಕಡೆಗೆ ಫ್ಲೆಮಿಂಗೊ ನೋಡಲು ಹೋಗುವುದೂ ಉಂಟು. ಇಲ್ಲಿಯವರೆಗೆ ಎಲ್ಲವನ್ನೂ ಮೊಬೈಲಿನಲ್ಲೇ ತೆಗೆದಿದ್ದೇನೆ. ಯಕ್ಷಗಾನದ ಚಿತ್ರಗಳಲ್ಲಿ ವೇಷದ ಮುಖ ಕಲಸಿಹೋಗಿರುತ್ತದೆ, ಹಕ್ಕಿಗಳು ಗುಲಾಬಿ ಚುಕ್ಕೆಗಳಾಗಿರುತ್ತವೆ. ಒಂದು ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ಮುಂಬಯಿ ಫೋರ್ಟಿನ ಒಂದು ಅಂಗಡಿಯವರು ಕ್ಯಾನನ್ ಎನ್ನುತ್ತಾರೆ, ಪಕ್ಕದ ಅಂಗಡಿಯವರು ಸೋನಿ ಎನ್ನುತ್ತಾರೆ, ಫುಲ್ ಫ್ರೇಮ್ ಅಲ್ಲದಿದ್ದರೆ ಕೊಳ್ಳಲೇಬೇಡಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಯಾವುದನ್ನು ಕೊಳ್ಳಲಿ? (ಡೊಂಬಿವಲಿ)

ಉತ್ತರ: ಅಂಗಡಿಯವರಿಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ನೀವು ಏನನ್ನು ತೆಗೆಯುತ್ತೀರಿ ಎಂದು ಇಬ್ಬರೂ ಕೇಳಿದಂತೆ ಕಾಣುವುದಿಲ್ಲ. ನಿಮ್ಮ ಪತ್ರದಲ್ಲಿಯೇ ಉತ್ತರದ ಅರ್ಧ ಭಾಗವಿದೆ: ರಂಗದ ಮೇಲೆ ಮಂದ ಬೆಳಕಿನಲ್ಲಿ ಚಲಿಸುವ ಮನುಷ್ಯರು ಮತ್ತು ಹಗಲಿನ ಬೆಳಕಿನಲ್ಲಿ ದೂರದಲ್ಲಿ ನಿಂತಿರುವ ಹಕ್ಕಿಗಳು. ಈ ಎರಡಕ್ಕೂ ಬೇಕಾದುದು ಎರಡು ಬೇರೆ ಬೇರೆ ಲೆನ್ಸ್‌ಗಳೇ ಹೊರತು ಹೆಚ್ಚು ಬೆಲೆಯ ಒಂದು ಬಾಡಿಯಲ್ಲ (ಬಾಡಿ ಎಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ). ಆದ್ದರಿಂದ ಒಂದು ಲಕ್ಷವನ್ನೂ ಬಾಡಿಯ ಮೇಲೆ ಸುರಿಯದೆ, ಎರಡನೆಯ ಲೆನ್ಸಿಗೆಂದು ಕಾಲು ಭಾಗವನ್ನಾದರೂ ಮೊದಲೇ ತೆಗೆದಿಡಿ.

ಫುಲ್ ಫ್ರೇಮ್ ವಿಷಯವನ್ನು ಮೊದಲು ಮುಗಿಸಿಬಿಡೋಣ. ಫುಲ್ ಫ್ರೇಮ್ ಸಂವೇದಕದ, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್ಪಿನ, ಅಳತೆ 36×24 ಮಿಲಿಮೀಟರ್. ಆರಂಭಿಕರ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಸಂವೇದಕವು ಸುಮಾರು 23.5×15.6 ಮಿಲಿಮೀಟರ್, ಕ್ಯಾನನ್ನಿನಲ್ಲಿ ತುಸು ಚಿಕ್ಕದಾಗಿ 22.3×14.9. ವಿಸ್ತೀರ್ಣದಲ್ಲಿ ಫುಲ್ ಫ್ರೇಮ್ ಎರಡೂವರೆ ಪಟ್ಟಿನಷ್ಟು ದೊಡ್ಡದು, ಅದು ನಿಜ. ಆದರೆ ಎಪಿಎಸ್-ಸಿ ಕೂಡ ಒಳ್ಳೆಯ ಮೊಬೈಲಿನ ಮುಖ್ಯ ಕ್ಯಾಮೆರಾದ ಸಂವೇದಕಕ್ಕಿಂತ ನಾಲ್ಕೈದು ಪಟ್ಟು ದೊಡ್ಡದಾಗಿರುತ್ತದೆ. ಫುಲ್ ಫ್ರೇಮಿನ ಬಾಡಿಗೆ ತಕ್ಕ ದೂರದ ಲೆನ್ಸ್ ಕೊಳ್ಳಹೊರಟರೆ ನಿಮ್ಮ ಮೊತ್ತ ಸಾಲದು, ಮೇಲಾಗಿ ಆ ಭಾರವನ್ನು ಹೆಗಲಿಗೆ ಹಾಕಿಕೊಂಡು ಸಂಜೆಯ ಡೊಂಬಿವಲಿ ಲೋಕಲ್ ಹತ್ತುವುದನ್ನೂ ಸ್ವಲ್ಪ ಯೋಚಿಸಬೇಕು. ಎರಡು ವಾರ ಹೆಮ್ಮೆಯಿಂದ ಹೊತ್ತು, ಮೂರನೆಯ ವಾರದಿಂದ ಕಪಾಟಿನಲ್ಲಿ ಉಳಿದ ಎಷ್ಟೋ ಕ್ಯಾಮೆರಾಗಳನ್ನು ನಾನು ಕಂಡಿದ್ದೇನೆ.

ಈಗ ಯಕ್ಷಗಾನಕ್ಕೆ ಬರೋಣ. ಇಲ್ಲಿ ನಿಮ್ಮನ್ನು ಸೋಲಿಸುತ್ತಿರುವುದು ಬೆಳಕಿನ ಕೊರತೆ. ಮಂದ ಬೆಳಕಿನಲ್ಲಿ ಮೊಬೈಲು ಷಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಅಷ್ಟರೊಳಗೆ ವೇಷಧಾರಿ ಒಂದು ದಿಗಿಣ ಮುಗಿಸಿರುತ್ತಾನೆ. ಕ್ಯಾಮೆರಾ ಕೊಂಡ ಮಾತ್ರಕ್ಕೆ ಈ ತೊಂದರೆ ಹೋಗುವುದಿಲ್ಲ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಾಡಿಯ ಜೊತೆಗೆ ಬರುವ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದರ ದ್ವಾರ ಸಾಮಾನ್ಯವಾಗಿ ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ದ್ವಾರ ದೊಡ್ಡದು), ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು 12 ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಇದರ ಅರ್ಥವನ್ನು ಲೆಕ್ಕದಲ್ಲಿಯೇ ನೋಡಿ: ಸೆಕೆಂಡಿನ 200ರಲ್ಲಿ ಒಂದು ಭಾಗದ ವೇಗದಲ್ಲಿ ಕಿಟ್ ಲೆನ್ಸಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 25,600 ಬೇಕಾಗುವ ಕಡೆ ಎಫ್/1.8 ಲೆನ್ಸಿಗೆ ಐಎಸ್‌ಒ 2,000ದ ಆಸುಪಾಸು ಸಾಕಾಗುತ್ತದೆ. ಮೊದಲನೆಯದರಲ್ಲಿ ಮುಖವರ್ಣಿಕೆಯ ಸೂಕ್ಷ್ಮ ಗೆರೆಗಳು ಮರಳಿನಂತಹ ಕಣಗಳಲ್ಲಿ ಮುಚ್ಚಿಹೋಗುತ್ತವೆ, ಎರಡನೆಯದರಲ್ಲಿ ಹಣೆಯ ನಾಮದ ಅಂಚು ಕೂಡ ಉಳಿಯುತ್ತದೆ. ಯಾವ ಕಂಪನಿಯ ಯಾವ ಬಾಡಿಯೂ ತಾನೊಂದೇ ಈ 12 ಪಟ್ಟಿನ ಅಂತರವನ್ನು ತುಂಬಲಾರದು.

ಲೆನ್ಸಿನಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ ಎಂದು ಅಂಗಡಿಯವರು ಹೇಳಬಹುದು. ಆ ವ್ಯವಸ್ಥೆ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಪಾತ್ರಧಾರಿಯ ಕುಣಿತವನ್ನು ತಡೆಯುವುದಿಲ್ಲ.

ಎಪಿಎಸ್-ಸಿ ಕ್ಯಾಮೆರಾದ ಮೇಲೆ 50 ಮಿಲಿಮೀಟರ್ ಎಫ್/1.8 ಲೆನ್ಸ್ ಫುಲ್ ಫ್ರೇಮಿನ 75ರಿಂದ 80 ಮಿಲಿಮೀಟರ್ ಲೆನ್ಸಿನಷ್ಟು ಹತ್ತಿರ ತರುತ್ತದೆ. ಸಭಾಂಗಣದ ಮೂರನೆಯ ನಾಲ್ಕನೆಯ ಸಾಲಿನಲ್ಲಿ ಕುಳಿತರೆ ಒಬ್ಬ ವೇಷಧಾರಿಯ ಪೂರ್ಣ ನಿಲುವನ್ನು ಹಿಡಿಯಲು ಅದು ಒಪ್ಪುತ್ತದೆ. ಚೌಕಿಯೊಳಗೆ ಬಣ್ಣ ಹಚ್ಚಿಕೊಳ್ಳುವವರನ್ನು ಕೇಳಿಕೊಂಡು ತೆಗೆಯುವುದಾದರೆ ಮುಖಚಿತ್ರಕ್ಕೆ ಅದಕ್ಕಿಂತ ಒಳ್ಳೆಯದನ್ನು ಈ ಬೆಲೆಯಲ್ಲಿ ನಾನು ಕಂಡಿಲ್ಲ.

ಮಿರರ್‌ಲೆಸ್ ಕ್ಯಾಮೆರಾ ನಿಮಗೆ ಇನ್ನೊಂದು ಕಾರಣಕ್ಕೂ ಸಲ್ಲುತ್ತದೆ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯು ಬೆಳಕನ್ನು ಮೇಲಕ್ಕೆ ತಿರುಗಿಸಿ ವ್ಯೂಫೈಂಡರಿಗೆ ಕಳುಹಿಸುತ್ತಿತ್ತು, ಚಿತ್ರ ಹೇಗೆ ಬಂತು ಎಂಬುದು ತೆಗೆದ ಮೇಲೆಯೇ ತಿಳಿಯುತ್ತಿತ್ತು. ಇಲ್ಲಿ ಕನ್ನಡಿಯೇ ಇಲ್ಲದಿರುವುದರಿಂದ ಸಂವೇದಕ ಕಾಣುವುದನ್ನೇ ನೀವು ವ್ಯೂಫೈಂಡರಿನಲ್ಲಿ ಕಾಣುತ್ತೀರಿ. ಹಿಂದೆ ಕತ್ತಲು, ಮುಂದೆ ಬೆಳಕು ಬಿದ್ದ ಕಿರೀಟ ವೇಷ ಇದ್ದಾಗ ಕ್ಯಾಮೆರಾ ಕತ್ತಲಿಗೆ ಮೋಸಹೋಗಿ ಮುಖವನ್ನು ಸುಣ್ಣ ಬಳಿದಂತೆ ಬಿಳುಪಾಗಿಸುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಒಂದು ಹಂತ ಇಳಿಸಿದರೆ ಕಿರೀಟದ ಹೊಳಪು ಹದಕ್ಕೆ ಬರುವುದನ್ನು ಕ್ಲಿಕ್ ಮಾಡುವ ಮೊದಲೇ ನೋಡಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸದ್ದು ಬರಬಾರದೆಂದು ಸೈಲೆಂಟ್ ಷಟರ್ ಇಟ್ಟುಕೊಂಡರೆ, ಸಭಾಂಗಣದ ಎಲ್‌ಇಡಿ ದೀಪಗಳಡಿಯಲ್ಲಿ ಚಿತ್ರದ ಉದ್ದಕ್ಕೂ ಅಡ್ಡ ಪಟ್ಟಿಗಳು ಮೂಡುವ ಸಾಧ್ಯತೆ ಹೆಚ್ಚು. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅದಕ್ಕೆ ಸ್ಪಂದಿಸುವ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಸಂವೇದಕವು ಸಾಲುಸಾಲಾಗಿ ಚಿತ್ರವನ್ನು ಓದುವಾಗ ಆ ಏರಿಳಿತವೇ ಪಟ್ಟಿಯಾಗುತ್ತದೆ. ಸಾಮಾನ್ಯ ಷಟರನ್ನೇ ಬಳಸಿ, ಪಟ್ಟಿ ಕಂಡರೆ ವೇಗವನ್ನು 100ರಲ್ಲಿ ಒಂದು ಭಾಗಕ್ಕೆ ಇಳಿಸಿ. ಆ ವೇಗದಲ್ಲಿ ಕುಣಿತ ಮಸುಕಾಗುವುದಿಲ್ಲವೇ ಎಂದರೆ, ಆಗುತ್ತದೆ. ಆದ್ದರಿಂದ ಚೆಂಡೆಯ ಮುಕ್ತಾಯಕ್ಕೆ ವೇಷಧಾರಿ ಗಕ್ಕನೆ ನಿಂತು ದಿಟ್ಟಿಸುವ ಆ ಅರೆಕ್ಷಣಕ್ಕಾಗಿ ಕಾಯಬೇಕು. ತಾಳ ಬಲ್ಲವರಿಗೆ ಆ ಕ್ಷಣ ಮೊದಲೇ ತಿಳಿಯುತ್ತದೆ, ಮತ್ತು ಈ ಒಂದು ವಿಷಯದಲ್ಲಿ ಯಕ್ಷಗಾನ ನೋಡಿ ಬೆಳೆದವರು ಯಾವ ವೃತ್ತಿಪರ ಛಾಯಾಗ್ರಾಹಕನಿಗಿಂತಲೂ ಮುಂದಿರುತ್ತಾರೆ.

ಹಕ್ಕಿಗಳಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಠಾಣೆ ಕೊಲ್ಲಿಗೆ ಫ್ಲೆಮಿಂಗೊಗಳು ದೊಡ್ಡ ಸಂಖ್ಯೆಯಲ್ಲಿ ಬರುವುದು ಸುಮಾರು ನವೆಂಬರಿನಿಂದ ಮೇ ತಿಂಗಳವರೆಗೆ, ಈಗಿನ್ನೂ ಮಳೆಗಾಲ. ದೂರದ ಲೆನ್ಸನ್ನು ದೀಪಾವಳಿಯ ಹೊತ್ತಿಗೆ ಕೊಂಡರೆ ಸಾಕು. ನಿಕಾನಿನಲ್ಲಿ 50-250 ಮಿಲಿಮೀಟರ್, ಕ್ಯಾನನ್ನಿನಲ್ಲಿ 55-210 ಮಿಲಿಮೀಟರ್ ಎಪಿಎಸ್-ಸಿ ಬಾಡಿಗಳಿಗೆಂದೇ ಇರುವ ಹಗುರವಾದ ಲೆನ್ಸ್‌ಗಳು. ಇವುಗಳ ದ್ವಾರ ಚಿಕ್ಕದಾದರೂ ಬೆಳಗಿನ ಬಿಸಿಲಿನಲ್ಲಿ ಅದು ದೊಡ್ಡ ಕೊರತೆಯಾಗುವುದಿಲ್ಲ. ಒಂಟಿ ಹಕ್ಕಿಯ ಕಣ್ಣನ್ನು ತುಂಬಿಸಲು ಇವು ಸಾಲವು, ಆದರೆ ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದ ದೋಣಿಯಲ್ಲಿ ಹೋದರೆ ಹಿಂಡನ್ನು, ಅದರ ಹಿಂದಿನ ಕಟ್ಟಡಗಳ ಸಾಲನ್ನು ಒಟ್ಟಿಗೆ ಹಿಡಿಯಲು ಧಾರಾಳವಾಗಿ ಸಾಕು.

ಕೊನೆಗೆ ಬಾಡಿ. ನನ್ನ ಮಟ್ಟಿಗೆ ನಿಮಗೆ ಕ್ಯಾನನ್ ಆರ್50 ಒಪ್ಪುತ್ತದೆ. 2023ರಲ್ಲಿ ಬಂದ ಈ ಕ್ಯಾಮೆರಾ ಬ್ಯಾಟರಿ, ಕಾರ್ಡ್ ಸೇರಿ 375 ಗ್ರಾಂ ತೂಗುತ್ತದೆ. 130 ಗ್ರಾಮಿನ 18-45 ಕಿಟ್ ಲೆನ್ಸ್, 160 ಗ್ರಾಮಿನ 50 ಮಿಲಿಮೀಟರ್ ಎಫ್/1.8 ಲೆನ್ಸ್ ಎರಡನ್ನೂ ಸೇರಿಸಿದರೆ ಚೀಲದಲ್ಲಿ ಮುಕ್ಕಾಲು ಕಿಲೋ ಕೂಡ ಆಗುವುದಿಲ್ಲ. ಇವಿಷ್ಟೂ ನಿಮ್ಮ ಮೊತ್ತದೊಳಗೆ ಬರುತ್ತವೆ. ನಿಮ್ಮ ಕೈ ದೊಡ್ಡದಾಗಿದ್ದು ಸಣ್ಣ ಹಿಡಿಕೆ ಹಿತವಾಗದಿದ್ದರೆ 2024ರ ಕೊನೆಯಲ್ಲಿ ಬಂದ ನಿಕಾನ್ ಜೆಡ್50ರ ಎರಡನೆಯ ಆವೃತ್ತಿಯನ್ನು ಕೈಯಲ್ಲಿ ಹಿಡಿದು ನೋಡಿ. ತೂಕ 550 ಗ್ರಾಂ, ಆದರೆ ಹಿಡಿತ ಚೆನ್ನಾಗಿದೆ, ಹಕ್ಕಿಯನ್ನು ಗುರುತಿಸಿ ಫೋಕಸ್ ಮಾಡುವುದರಲ್ಲಿಯೂ ಚುರುಕಾಗಿದೆ. ಸೋನಿ ಎ6400 ಬಂದುದು 2019ರಲ್ಲಿ, ಮೆನು ಹಳೆಯ ಕಾಲದ್ದು. ಆದರೂ 2010ರಿಂದ ಬೆಳೆದುಬಂದ ಅದರ ಮೌಂಟಿಗೆ (ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿಗೆ) ಸಿಗುವಷ್ಟು ಬಗೆಯ ಲೆನ್ಸ್‌ಗಳು ಉಳಿದೆರಡಕ್ಕೆ ಇನ್ನೂ ಸಿಗುವುದಿಲ್ಲ. ಕ್ಯಾನನ್ನಿನ ಎಪಿಎಸ್-ಸಿ ಬಾಡಿಗಳಿಗೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳು ಬರತೊಡಗಿದ್ದೇ 2024ರಲ್ಲಿ. ಬೆಲೆ ಕಡಿಮೆ ಎಂದು ಕ್ಯಾನನ್ ಆರ್100 ತೋರಿಸಿದರೆ ಬೇಡವೆನ್ನಿ. ಅದರ ಪರದೆ ತಿರುಗುವುದೂ ಇಲ್ಲ, ಮುಟ್ಟಿದರೆ ಸ್ಪಂದಿಸುವುದೂ ಇಲ್ಲ, ಮೊಬೈಲಿನಿಂದ ಬರುವವರಿಗೆ ಅದು ಮೊದಲ ದಿನವೇ ಬೇಸರ ತರಿಸುತ್ತದೆ.

ಪ್ರಶ್ನೆ: ನಮ್ಮ ತಂದೆಯವರು ಬಳಸುತ್ತಿದ್ದ ನಿಕಾನ್ ಡಿ90, ಅದರ ಜೊತೆಗೆ 18-105 ಲೆನ್ಸ್ ಮತ್ತು 50 ಮಿಲಿಮೀಟರ್ ಎಫ್/1.8ಡಿ ಲೆನ್ಸ್ ಮನೆಯಲ್ಲಿವೆ. ಹೊಸ ಮಿರರ್‌ಲೆಸ್ ಕೊಂಡರೆ ಇವು ಉಪಯೋಗಕ್ಕೆ ಬರುತ್ತವೆಯೇ, ಇಲ್ಲವೇ ಮಾರಿಬಿಡಬೇಕೇ? (ಮಾಟುಂಗಾ)

ಉತ್ತರ: ಒಂದು ಬರುತ್ತದೆ, ಇನ್ನೊಂದು ಅರ್ಧ ಬರುತ್ತದೆ. ನಿಕಾನಿನ ಹಳೆಯ ಎಫ್ ಮೌಂಟಿನಲ್ಲಿ ಲೆನ್ಸಿನ ಹಿಂಬದಿಗೂ ಸಂವೇದಕಕ್ಕೂ ನಡುವೆ 46.5 ಮಿಲಿಮೀಟರ್ ಅಂತರವಿತ್ತು, ಏಕೆಂದರೆ ಕನ್ನಡಿ ಎದ್ದು ಬೀಳಲು ಜಾಗ ಬೇಕಾಗಿತ್ತು. ನಿಕಾನಿನ ಮಿರರ್‌ಲೆಸ್‌ಗಳ ಹೊಸ ಜೆಡ್ ಮೌಂಟಿನಲ್ಲಿ ಅದು ಬರೀ 16 ಮಿಲಿಮೀಟರ್. ಉಳಿದ ಅಂತರವನ್ನು ತುಂಬುವ ಬಳೆಯಂತಹ ಭಾಗವೇ ಎಫ್‌ಟಿಜೆಡ್ ಅಡಾಪ್ಟರ್. ಹಳೆಯ ಲೆನ್ಸ್ ಹೊಸ ಬಾಡಿಗೆ ಹೊಂದಿಕೊಳ್ಳುವುದು, ಹೊಸ ಲೆನ್ಸ್ ಹಳೆಯ ಬಾಡಿಗೆ ಎಂದೂ ಹೊಂದಿಕೊಳ್ಳದಿರುವುದು ಈ ಕಾರಣಕ್ಕೇ.

ನಿಮ್ಮ 18-105 ಲೆನ್ಸಿನೊಳಗೆ ಫೋಕಸ್ ಮೋಟಾರ್ ಇದೆ, ಆದ್ದರಿಂದ ಅಡಾಪ್ಟರಿನ ಮೂಲಕ ಅದು ತಾನಾಗಿಯೇ ಫೋಕಸ್ ಮಾಡುತ್ತದೆ. 50 ಎಫ್/1.8ಡಿ ಲೆನ್ಸಿನಲ್ಲಿ ಮೋಟಾರ್ ಇಲ್ಲ. ಡಿ90ಯ ಬಾಡಿಯೊಳಗಿನ ಮೋಟಾರ್ ಸಣ್ಣ ತಿರುಪಿನ ಮೂಲಕ ಅದನ್ನು ತಿರುಗಿಸುತ್ತಿತ್ತು. ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಆ ತಿರುಪು ಇಲ್ಲವಾದ್ದರಿಂದ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಎಂಬ ಸೌಲಭ್ಯವನ್ನು ಆನ್ ಮಾಡಿಕೊಂಡರೆ ನಿಂತ ವಸ್ತುಗಳಿಗೆ ಅದು ಕಷ್ಟವೇನಲ್ಲ, ಓಡುವ ಮಗುವಿಗೆ ಮಾತ್ರ ಆಗದು. ಇದೇ ಪ್ರಶ್ನೆಯನ್ನು ಕ್ಯಾನನ್ ಬಳಕೆದಾರರು ಕೇಳಿದ್ದರೆ ಉತ್ತರ ಸುಲಭವಿತ್ತು: 1987ರಲ್ಲಿ ಇಎಫ್ ಮೌಂಟ್ ಬಂದಾಗಿನಿಂದ ಕ್ಯಾನನ್ ಮೋಟಾರನ್ನು ಲೆನ್ಸಿನೊಳಗೇ ಇಟ್ಟಿದ್ದರಿಂದ ಅವರ ಹಳೆಯ ಆಟೊಫೋಕಸ್ ಇಎಫ್ ಲೆನ್ಸ್‌ಗಳು ಅಡಾಪ್ಟರಿನ ಮೇಲೆಯೂ ಫೋಕಸ್ ಮಾಡುತ್ತವೆ.

ಮಾರುವುದನ್ನು ನಾನು ಹೇಳಲಾರೆ. 2008ರಲ್ಲಿ ಬಂದ ಡಿ90 ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್. ಅದಕ್ಕೆ ಇಂದು ಕೊಡುವ ಬೆಲೆ ಒಂದು ಒಳ್ಳೆಯ ಚೀಲಕ್ಕೂ ಸಾಕಾಗುವುದು ಕಷ್ಟ. 12 ಮೆಗಾಪಿಕ್ಸೆಲ್ ಎಂದು ಅದನ್ನು ಹೀಗಳೆಯಬೇಡಿ. ಮೊದಲ ಆರು ತಿಂಗಳು ಆ 50 ಮಿಲಿಮೀಟರ್ ಲೆನ್ಸನ್ನು ಆ ಬಾಡಿಯ ಮೇಲೆಯೇ ಇಟ್ಟುಕೊಂಡು ತೆಗೆಯಿರಿ, ನಿಮಗೆ ನಿಜವಾಗಿ ಏನು ಸಾಲುತ್ತಿಲ್ಲ ಎಂಬುದು ಗೊತ್ತಾದ ಮೇಲೆ ಅಂಗಡಿಗೆ ಹೋಗಿ.

ಪ್ರಶ್ನೆ: ಕಾಲೇಜು ವಿದ್ಯಾರ್ಥಿನಿ. ವ್ಯೂಫೈಂಡರ್ ಇಲ್ಲದ ನಿಕಾನ್ ಜೆಡ್30 ಅಥವಾ ಸೋನಿ ಜೆಡ್‌ವಿ-ಇ10 ಕೊಂಡರೆ ಹಣ ಉಳಿಯುತ್ತದೆ. ಕೊಳ್ಳಬಹುದೇ? ನಿಕಾನಿನ 20.9 ಮೆಗಾಪಿಕ್ಸೆಲ್ ಕಡಿಮೆಯಾಗುವುದಿಲ್ಲವೇ? (ಠಾಣೆ)

ಉತ್ತರ: ವಿಡಿಯೊ ಹೆಚ್ಚು, ಫೋಟೊ ಕಡಿಮೆ ಎಂದಿದ್ದರೆ ಕೊಳ್ಳಬಹುದು. ಫೋಟೊವೇ ಮುಖ್ಯವಾದರೆ ಬೇಡ. ಮಧ್ಯಾಹ್ನದ ಬಿಸಿಲಿನಲ್ಲಿ ಮರೀನ್ ಡ್ರೈವಿನ ಕಟ್ಟೆಯ ಮೇಲೆ ನಿಂತು ಹಿಂಬದಿಯ ಪರದೆಯನ್ನು ನೋಡಿದರೆ ಅದರಲ್ಲಿ ನಿಮ್ಮ ಮುಖವೇ ಕಾಣಿಸುತ್ತದೆ. ಕಣ್ಣಿಗೆ ಒತ್ತಿ ಹಿಡಿಯುವ ವ್ಯೂಫೈಂಡರ್ ಇದ್ದರೆ ಬಿಸಿಲಿನ ಕಾಟವೂ ಇಲ್ಲ, ಮೂರನೆಯ ಆಧಾರ ಸಿಕ್ಕಿದಂತಾಗಿ ಕ್ಯಾಮೆರಾ ಅಲುಗುವುದೂ ಕಡಿಮೆ. ಮೆಗಾಪಿಕ್ಸೆಲ್ ಬಗ್ಗೆ ಹೇಳುವುದಾದರೆ, 20.9 ಎಂದರೆ ಅಗಲಕ್ಕೆ 5,568 ಚುಕ್ಕೆಗಳು, 24 ಎಂದರೆ 6,000. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಮೊದಲನೆಯದು ಹದಿನೆಂಟೂವರೆ ಇಂಚು, ಎರಡನೆಯದು ಇಪ್ಪತ್ತು ಇಂಚು ಅಗಲ ಬರುತ್ತದೆ. ಆ ಒಂದೂವರೆ ಇಂಚಿಗಾಗಿ ಕ್ಯಾಮೆರಾ ಬದಲಿಸುವ ಅಗತ್ಯವಿಲ್ಲ.

ಪ್ರಶ್ನೆ: ಹೊಸ ಕ್ಯಾಮೆರಾವನ್ನು ಮಳೆಗಾಲದಲ್ಲಿ ಹೇಗೆ ಇಡಬೇಕು? ಅಕ್ಕಿ ಡಬ್ಬಿಯಲ್ಲಿ ಇಡಬೇಕೆಂದು ಕೆಲವರು ಹೇಳುತ್ತಾರೆ. (ಮುಲುಂಡ್)

ಉತ್ತರ: ಅಕ್ಕಿ ಡಬ್ಬಿ ಬೇಡ, ಅದರ ಹಿಟ್ಟು ಲೆನ್ಸಿನ ಉಂಗುರಗಳ ಸಂದಿಗೆ ಸೇರುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಲೆನ್ಸಿಗೆ ನೀರಿಗಿಂತ ಹೆಚ್ಚು ಅಪಾಯ ತರುವುದು ಫಂಗಸ್, ಅಂದರೆ ಬೂಷ್ಟು. ಅದರ ಬೀಜಕಣಗಳು ಗಾಳಿಯಲ್ಲೆಲ್ಲಾ ಇರುತ್ತವೆ. ಕತ್ತಲು, ನಿಂತ ಗಾಳಿ, ತೇವ ಮೂರೂ ಸೇರಿದರೆ ಗಾಜಿನ ಮೇಲಿನ ಧೂಳು, ಬೆರಳಿನ ಜಿಡ್ಡುಗಳನ್ನೇ ಉಂಡು ಜೇಡರಬಲೆಯಂತೆ ಹಬ್ಬುತ್ತದೆ, ಅದು ಬಿಡುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ. ಲೇಪನ ಹೋದ ಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ.

ಇದನ್ನು ನಾನು ಹಣ ಕೊಟ್ಟು ಕಲಿತೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನಮ್ಮ ಮನೆಗೂ ನೀರು ನುಗ್ಗಿತ್ತು. ಕ್ಯಾಮೆರಾ ಚೀಲವನ್ನು ಅಟ್ಟಕ್ಕೆ ಹಾಕಿ ಉಳಿಸಿಕೊಂಡೆ, ಒಂದು ಹನಿಯೂ ತಾಗಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಗಣೇಶ ಚತುರ್ಥಿಗೆ ತೆಗೆದು ನೋಡಿದರೆ ಚರ್ಮದ ಕವಚದೊಳಗಿದ್ದ ಲೆನ್ಸಿನ ನಡುವಿನ ಗಾಜಿನಲ್ಲಿ ಬಿಳಿಯ ಎಳೆಗಳು ಮೂಡಿದ್ದವು. ಮನೆಯ ಗೋಡೆಯ ತೇವವನ್ನೆಲ್ಲಾ ಆ ಚರ್ಮವೇ ಹೀರಿಕೊಂಡು ಲೆನ್ಸಿಗೆ ಉಣಿಸಿತ್ತು.

ಆದ್ದರಿಂದ ಅಂದವಾದ ಕವಚಗಳನ್ನು ಬಿಟ್ಟು, ರಬ್ಬರ್ ಪಟ್ಟಿಯ ಬಿಗಿ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಚಿಕ್ಕ ಮಾಪಕವನ್ನು ಇಟ್ಟು, ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಅದಕ್ಕಿಂತ ತೀರಾ ಒಣಗಿಸುವುದೂ ಒಳ್ಳೆಯದಲ್ಲ, ಒಳಗಿನ ರಬ್ಬರ್ ಮತ್ತು ಗ್ರೀಸ್ ಕೆಡಬಹುದು. ಸಿಲಿಕಾ ಜೆಲ್ ಬಣ್ಣ ಬದಲಿಸಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ನೀಲಿ ಬಣ್ಣದ ಹರಳುಗಳಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಬಾಣಲೆಯನ್ನು ಅದಕ್ಕೆ ಬಳಸಲೇಬಾರದು. ಕಿತ್ತಳೆ ಬಣ್ಣದ್ದನ್ನು ಕೇಳಿ ಕೊಳ್ಳಿ. ಎರಡು ಮೂರು ಲೆನ್ಸ್ ಆದ ಮೇಲೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಂಡರೆ ಈ ರಗಳೆ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸಿ. ಎಸಿ ಕೋಣೆಯಿಂದ ಹೊರಗೆ ಒಯ್ಯುವಾಗ ಚೀಲದ ಜಿಪ್ ತೆರೆಯದೆ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವ ಮಂಜಾಗಿ ಕೂರುತ್ತದೆ.

ಪ್ರಶ್ನೆ: ಪರಿಚಯದವರೊಬ್ಬರು ಕ್ಯಾನನ್ ಎಂ50ಯನ್ನು ಎರಡು ಲೆನ್ಸ್ ಸಮೇತ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಾರೆ. ಇನ್ನೊಂದು ಕಡೆ ಬಿಲ್ ಇಲ್ಲದೆ ಹೊಸ ಆರ್50 ಸಿಗುತ್ತದೆಯಂತೆ. ಯಾವುದು ವಾಸಿ? (ಪನ್ವೇಲ್)

ಉತ್ತರ: ಎಂ50 2018ರ ಒಳ್ಳೆಯ ಕ್ಯಾಮೆರಾ, ಆದರೆ ಅದರ ಇಎಫ್-ಎಂ ಮೌಂಟಿಗೆ ಮುಂದಿನ ದಾರಿ ಇಲ್ಲ. ಕ್ಯಾನನ್ ಆ ಸರಣಿಯನ್ನೇ ನಿಲ್ಲಿಸಿದೆ. ಆ ಎರಡು ಲೆನ್ಸ್‌ಗಳು ಈಗಿನ ಆರ್ ಸರಣಿಯ ಬಾಡಿಗೆ ಅಡಾಪ್ಟರಿನಿಂದಲೂ ಕೂರುವುದಿಲ್ಲ. ಇನ್ನೇನನ್ನೂ ಸೇರಿಸದೆ ಅಷ್ಟರಲ್ಲಿಯೇ ನಾಲ್ಕು ವರ್ಷ ಕಳೆಯುತ್ತೇನೆ ಎನ್ನುವವರು ಕೊಳ್ಳಲಿ. ಕೊಳ್ಳುವ ಮೊದಲು ದ್ವಾರವನ್ನು ಎಫ್/16ಕ್ಕೆ ಇಳಿಸಿ ಬಿಳಿ ಗೋಡೆಯ ಒಂದು ಚಿತ್ರ ತೆಗೆದು ದೊಡ್ಡದಾಗಿಸಿ ನೋಡಿ, ಸಂವೇದಕದ ಮೇಲಿನ ಕಲೆಗಳೆಲ್ಲ ಕಪ್ಪು ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ಬದಿಯಿಂದ ಇಣುಕಿದರೆ ಮೇಲೆ ಹೇಳಿದ ಬಿಳಿ ಎಳೆಗಳಿವೆಯೇ ಎಂಬುದು ತಿಳಿಯುತ್ತದೆ.

ಬಿಲ್ ಇಲ್ಲದ ಹೊಸ ಕ್ಯಾಮೆರಾ ಬೇಡವೇ ಬೇಡ. ಅಲ್ಲಿ ಉಳಿಯುವುದು ಬಹುಮಟ್ಟಿಗೆ ಶೇಕಡಾ 18ರ ಜಿಎಸ್‌ಟಿಯಷ್ಟೆ. ಅದಕ್ಕೆ ಬದಲಾಗಿ ಕಳೆದುಕೊಳ್ಳುವುದು ಭಾರತದ ವಾರಂಟಿಯನ್ನು. ಬಿಲ್ ಕೊಡುವ ಅಂಗಡಿಯಲ್ಲಿಯೂ ಬಾಡಿಯ ಮತ್ತು ಲೆನ್ಸಿನ ಕ್ರಮಸಂಖ್ಯೆಗಳೆರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಂಡು, ಪೆಟ್ಟಿಗೆಯ ಮೇಲಿರುವ ಸಂಖ್ಯೆಗಳೊಡನೆ ಅಲ್ಲಿಯೇ ತಾಳೆ ನೋಡಿ.